ತಂತಿ ಕಿತ್ತ ಮೇಲೆ

ನಾನು ಮುಂಬಯಿಗೆ ಬಂದ ಹೊಸದರಲ್ಲಿ ನಮ್ಮ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದೇ ಕರಿ ಕೋಆಕ್ಸಿಯಲ್ ಕೇಬಲ್ಲಿಗೆ ಪೋಣಿಸಿದ್ದರು. ಒಂದು ಕಡೆ ಕಿತ್ತುಹೋದರೆ ಎಲ್ಲರದೂ ಬಂದ್! ಅದೇ ಈಥರ್ನೆಟ್. 1973ರಲ್ಲಿ ಝೆರಾಕ್ಸ್ ಪಾರ್ಕ್‌ನಲ್ಲಿ ಬಾಬ್ ಮೆಟ್ಕಾಫ್ ಅದರ ಕಲ್ಪನೆಯನ್ನು ಬರೆದಿಟ್ಟರು. 1983ರಲ್ಲಿ ಅದು ಐಇಇಇ 802.3 ಎಂಬ ಸ್ಟಾಂಡರ್ಡ್ ಆಯಿತು.

1990ರಲ್ಲಿ ಟೆಲಿಫೋನ್ ತಂತಿಯಂಥ ಜೋಡಿ ತಂತಿಯ 10ಬೇಸ್-ಟಿ ಬಂತು. ಕೆಲವು ವರ್ಷಗಳ ಮೇಲೆ ನಮ್ಮಲ್ಲೂ ಹಳೆಯದನ್ನು ಕಿತ್ತು ಭಂಗಾರ್‌ವಾಲಾನಿಗೆ, ಅಂದರೆ ನಮ್ಮೂರಿನ ಗುಜರಿಯವನಿಗೆ, ಕಿಲೋ ಲೆಕ್ಕದಲ್ಲಿ ಕೊಟ್ಟೆವು. ತೂಗಿಸಿ ಕೊಟ್ಟವನು ನಾನೇ. ತಾಮ್ರದ ಆಸೆಗೆ ಪಿವಿಸಿ ಹೊದಿಕೆಯನ್ನು ಸುಡುತ್ತಾರೆ, ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷವಿರುತ್ತದೆ ಎಂದು ತಿಳಿದದ್ದು ಆಮೇಲೆ.

ಇನ್ನೊಂದು ಖರ್ಚು ಕಣ್ಣಿಗೇ ಕಾಣದ್ದು. 100 ಮೆಗಾಬಿಟ್, ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಕಳಿಸಲು ಏನೂ ಇಲ್ಲದಿದ್ದರೂ ಎರಡೂ ತುದಿಯ ಚಿಪ್ಪುಗಳು ಸಂಕೇತ ಕಳಿಸುತ್ತಲೇ ಇರಬೇಕಿತ್ತು. ಖಾಲಿ ಆಫೀಸಿನಲ್ಲಿ ರಾತ್ರಿಯಿಡೀ ಕರೆಂಟು ದಂಡ! ಮಾತಿಲ್ಲದಾಗ ನಿದ್ದೆಹೋಗಲು ಕಲಿಸಿದ್ದು 2010ರ 802.3ಎಝಡ್. ಇ-ಕಸದ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2012ರ ಮೇ ತಿಂಗಳಲ್ಲಿ.

ತಂತಿ ಎಷ್ಟು ಉದ್ದವಿರಬೇಕು, ವೇಗ ಎಷ್ಟಿರಬೇಕು ಎಂದೆಲ್ಲ ಸ್ಟಾಂಡರ್ಡಿನಲ್ಲಿ ಬರೆದರು. ಕಿತ್ತ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಅವತ್ತು ನಾನಾದರೂ ಕೇಳಬಹುದಿತ್ತು. ಕೇಳಿದ್ದು ಮಾತ್ರ ಕಿಲೋಗೆ ಎಷ್ಟು ಅಂತ, ನೋಡಿ.