ಮೊದಲ ಕೋವಿಗೆ ಯಾವ ತೋಟೆ: ಸಾದಾನಾ, ಮ್ಯಾಗ್ನಮ್ಮಾ?

ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹತ್ತಿರ ಬಂತು ಅಂದರೆ ಕೊಡಗಿನ ಮನೆ ಮನೆಯಲ್ಲಿ ಕೋವಿ ಹೊರಗೆ ಬರುತ್ತೆ. ಎಣ್ಣೆ ಹಾಕಿ ಒರೆಸೋದು, ಪೂಜೆಗೆ ಇಡೋದು, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೊಸದಾಗಿ ಕೋವಿ ಕೈಗೆ ಬಂದ ಹುಡುಗರು ತೋಟೆ ತರಲು ಅಂಗಡಿಗೆ ಹೋಗೋದೂ ಇದೇ ಹೊತ್ತಿಗೆ. ಕೌಂಟರ್ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಅಣ್ಣಾ, ಮ್ಯಾಗ್ನಮ್ ಇದ್ಯಾ?"

ಮ್ಯಾಗ್ನಮ್ ಅನ್ನೋ ಹೆಸರಲ್ಲೇ ಒಂದು ಗತ್ತಿದೆ. ಆದರೆ ಅಜ್ಜನ ಕಾಲದ ಕೋವಿಗೆ ಮ್ಯಾಗ್ನಮ್ ತೋಟೆ ತುಂಬಿದರೆ ಬೆರಳು, ಕಣ್ಣು ಹೋಗುವ ಅಪಾಯ ಇದೆ. ಅದಕ್ಕೇ ದುಡ್ಡು ಕೊಡುವ ಮುಂಚೆ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಮೊದಲು ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇದರಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಉಳಿದವರಿಗೆ ಲೈಸೆನ್ಸೇ ದಾರಿ. ಅದಕ್ಕೆ ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. 2016ರ ನಿಯಮಗಳ ಪ್ರಕಾರ ಕೋವಿ ಸುರಕ್ಷತೆಯ ತರಬೇತಿಯೂ ಆಗಿರಬೇಕು.

ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋಕೆ, ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ. ಕಾಡುಹಂದಿ ಕೂಡ ಆ ಕಾಯ್ದೆಯ 2ನೇ ಶೆಡ್ಯೂಲ್‌ನಲ್ಲಿದೆ. ಗದ್ದೆ, ತೋಟ ಹಾಳು ಮಾಡ್ತಿದೆ ಅಂತ ನೇರವಾಗಿ ಈಡು ಹಾಕುವಂತಿಲ್ಲ. ಅಧಿಕಾರ ಇರುವ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಹಾಗಾಗಿ ಇಲ್ಲಿ 'ಮೊದಲ ಕೋವಿ' ಅಂದರೆ ಮನೆ ರಕ್ಷಣೆ, ಬೆಳೆ ಕಾವಲು, ಸ್ಪರ್ಧೆ, ಹಬ್ಬದ ಸಂಪ್ರದಾಯ ಇಷ್ಟಕ್ಕೇ.

ಮ್ಯಾಗ್ನಮ್ ಅಂದರೆ ಏನು?

ನಮ್ಮ ಕಡೆ ಹೆಚ್ಚಿನವರ ಮೊದಲ ಕೋವಿ 12 ಬೋರ್: ಒಂಟಿ ನಳಿಕೆ ಇಲ್ಲಾ ಜೋಡಿ ನಳಿಕೆ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಒಂದೊಂದರ ದಪ್ಪ ಎಷ್ಟೋ, ನಳಿಕೆಯ ಬಾಯಿ ಅಷ್ಟು ಅಂತ ಲೆಕ್ಕ. ಸುಮಾರು 18.5 ಮಿ.ಮೀ.

12 ಬೋರ್ ತೋಟೆಗಳ ದಪ್ಪ ಎಲ್ಲಾ ಒಂದೇ, ಉದ್ದ ಬೇರೆ ಬೇರೆ.

- 65 ಮಿ.ಮೀ. (2½ ಇಂಚು): ಹಳೇ ಇಂಗ್ಲಿಷ್ ಕೋವಿಗಳ ಅಳತೆ.
- 70 ಮಿ.ಮೀ. (2¾ ಇಂಚು): ಇವತ್ತಿನ ಸಾದಾ ತೋಟೆ. ಪುಣೆ ಹತ್ತಿರದ ಖಡ್ಕಿ ಫ್ಯಾಕ್ಟರಿಯ 'ಶಕ್ತಿಮಾನ್' ಈ ಅಳತೆಯಲ್ಲಿ ಬರುತ್ತೆ.
- 76 ಮಿ.ಮೀ. (3 ಇಂಚು): ಇದೇ ಮ್ಯಾಗ್ನಮ್.

ಇದರ ಜೊತೆಗೆ 70 ಮಿ.ಮೀ. ಉದ್ದದಲ್ಲೇ ಜಾಸ್ತಿ ಚರೆ ತುಂಬಿ 'ಮ್ಯಾಗ್ನಮ್' ಅಂತ ಬರೆದ ವಿದೇಶಿ ತೋಟೆಗಳೂ ಇವೆ. ಆದ್ದರಿಂದ ಪೆಟ್ಟಿಗೆ ಮೇಲಿನ ಹೆಸರಿಗಿಂತ ಮಿ.ಮೀ. ಮತ್ತು ಗ್ರಾಂ ಎರಡನ್ನೂ ಓದಬೇಕು.

ಮ್ಯಾಗ್ನಮ್ ಹೊಡೆದರೆ ಚರೆ ಜೋರಾಗಿ ಹೋಗುತ್ತೆ ಅಂತ ಬಹಳ ಜನ ನಂಬಿದ್ದಾರೆ. 12 ಬೋರ್ ವಿಷಯದಲ್ಲಿ ಅದು ತಪ್ಪು. ಸಾದಾ ತೋಟೆಯಲ್ಲಿ 28ರಿಂದ 36 ಗ್ರಾಂ ಚರೆ ಇದ್ದರೆ ಮ್ಯಾಗ್ನಮ್‌ನಲ್ಲಿ 42ರಿಂದ 53 ಗ್ರಾಂ ಇರುತ್ತೆ. ನಳಿಕೆ ಬಿಡುವಾಗಿನ ವೇಗ ಎರಡರದ್ದೂ ಹೆಚ್ಚು ಕಡಿಮೆ ಒಂದೇ, ಸೆಕೆಂಡಿಗೆ 370 ಮೀಟರ್ ಆಸುಪಾಸು. ಅಂದರೆ ಮ್ಯಾಗ್ನಮ್‌ನಲ್ಲಿ ಹೆಚ್ಚಾಗೋದು ಚರೆಯ ಲೆಕ್ಕ. ಒಂದೊಂದು ಚರೆಯ ಏಟು ಅಷ್ಟೇ ಇರುತ್ತೆ. ಅಮೆರಿಕದ ದಪ್ಪ ಚರೆ ತೋಟೆಯನ್ನೇ ನೋಡಿ: 'ಡಬಲ್ ಝೀರೋ' ಅನ್ನೋ ನಂಬರಿನಲ್ಲಿ ಸಾದಾ ತೋಟೆಗೆ 9 ಚರೆ, 3 ಇಂಚಿನ ಮ್ಯಾಗ್ನಮ್‌ಗೆ 15. ಅಲ್ಲಿ ನೀರುಹಕ್ಕಿ ಬೇಟೆಗೆ ಲೈಸೆನ್ಸ್ ಕೊಡ್ತಾರೆ, ದೂರದಲ್ಲಿ ಹಾರುವ ಬಾತುಕೋಳಿಗೆ ಹೆಚ್ಚು ಚರೆ ಬೇಕು. ನಮ್ಮಲ್ಲಿ ಮೂವತ್ತು ಮೀಟರ್ ದೂರದ ತೆಂಗಿನಕಾಯಿಗೆ ಅದರ ಅಗತ್ಯ ಏನೂ ಇಲ್ಲ.

ತೋಟೆ ಒಳಗೆ ಕೂತರೆ ಸರಿಯಾಯ್ತು ಅಂತಲ್ಲ

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ತೋಟೆಯ ಮೇಲೆ ಬರೆದ 70, 76 ಅನ್ನೋದು ಈಡು ಹೊಡೆದ ಮೇಲಿನ ಉದ್ದ. ಹೊಸ ತೋಟೆಯ ಬಾಯನ್ನು ಮಡಿಚಿ ಮುಚ್ಚಿರ್ತಾರೆ. ಹೀಗಾಗಿ 76 ಮಿ.ಮೀ. ಮ್ಯಾಗ್ನಮ್ ಹೊಸದಾಗಿರುವಾಗ ಅಳೆದರೆ ಸುಮಾರು 65ರಿಂದ 67 ಮಿ.ಮೀ. ಮಾತ್ರ ಇರುತ್ತೆ. ಅದು 70 ಮಿ.ಮೀ. ಛೇಂಬರ್ ಇರುವ ಕೋವಿಯಲ್ಲಿ ಆರಾಮಾಗಿ ಕೂರುತ್ತೆ. ಕೋವಿ ಸರಿಯಾಗಿ ಮುಚ್ಚಿಕೊಳ್ಳುತ್ತೆ. ಏನೂ ತಪ್ಪಾಗಿದೆ ಅಂತ ಅನಿಸೋದೇ ಇಲ್ಲ.

ಟ್ರಿಗರ್ ಎಳೆದಾಗ ಆ ಮಡಿಕೆ ಬಿಚ್ಚಬೇಕು. ಛೇಂಬರ್‌ನಲ್ಲಿ ಜಾಗ ಇಲ್ಲದ್ದಕ್ಕೆ ಅದು ಮುಂದೆ ನಳಿಕೆ ಸಣ್ಣಗಾಗುವ ಜಾಗದಲ್ಲಿ ಬಿಚ್ಚಿಕೊಳ್ಳುತ್ತೆ. ದಾರಿ ಇಕ್ಕಟ್ಟಾಗುತ್ತೆ. ಹಿಂದಿನಿಂದ ಜಾಸ್ತಿ ಚರೆ, ಜಾಸ್ತಿ ಮದ್ದು ತಳ್ಳುತ್ತಿರುತ್ತೆ. ಒತ್ತಡ ಒಮ್ಮೆಲೇ ಏರುತ್ತೆ.

ಯುರೋಪಿನ ಸಿಐಪಿ ನಿಯಮದಲ್ಲಿ 12 ಬೋರ್‌ನ ಸಾದಾ 70 ಮಿ.ಮೀ. ತೋಟೆಗೆ ಒತ್ತಡದ ಮಿತಿ 740 ಬಾರ್. 76 ಮಿ.ಮೀ. ಮ್ಯಾಗ್ನಮ್‌ಗೆ 1050 ಬಾರ್. ಸಾದಾ ಕೋವಿ ತಡೆಯಲಿ ಅಂತ ಮಾಡಿದ್ದು ಮೊದಲನೇ ಲೆಕ್ಕಕ್ಕೆ ಮಾತ್ರ. ಇಕ್ಕಟ್ಟಿನಿಂದ ಏರುವ ಒತ್ತಡ ಇದರ ಮೇಲೆ ಬೇರೆ.

ಕೆಲವರು "ನಾನು ಹತ್ತು ಈಡು ಹೊಡೆದೆ, ಏನೂ ಆಗಿಲ್ಲ" ಅಂತಾರೆ. ಆಗದೇ ಇರಬಹುದು. ಆದರೆ ಪ್ರತಿ ಈಡಿಗೂ ಕೀಲು ಸಡಿಲ ಆಗುತ್ತೆ, ನಳಿಕೆ ಸೋಲುತ್ತೆ. ಹನ್ನೊಂದನೇ ಈಡಿಗೆ ನಳಿಕೆ ಸೀಳಿದರೆ ಅದರ ಪಕ್ಕದಲ್ಲೇ ಇರೋದು ಎಡಗೈ.

76 ಮಿ.ಮೀ. ಛೇಂಬರ್ ಇರುವ ಕೋವಿಯಲ್ಲಿ 70 ಮಿ.ಮೀ. ಸಾದಾ ತೋಟೆ ಹೊಡೆಯಬಹುದು, ತೊಂದರೆ ಇಲ್ಲ. 70ರ ಕೋವಿಗೆ 76 ಮಾತ್ರ ಎಂದಿಗೂ ಬೇಡ. 65ರ ಕೋವಿಗೆ ಸುಮ್ಮನೆ 70 ಕೂಡ ಬೇಡ, ತಿಳಿದವರಿಗೆ ತೋರಿಸಿದ ಮೇಲೆ ಮಾತ್ರ.

ಕೋವಿ ಮೇಲೆ ಏನು ಓದಬೇಕು?

ಹೊಸ ಕೋವಿಯಲ್ಲಿ ನಳಿಕೆಯ ಮೇಲೇ 12/70 ಅಥವಾ 12/76 ಅಂತ ಹೊಡೆದಿರುತ್ತೆ. ಹಳೇ ಜೋಡಿ ನಳಿಕೆಯಲ್ಲಿ ನಳಿಕೆ ಬಿಚ್ಚಿ, ತಳಭಾಗದ ಚಪ್ಪಟೆ ಜಾಗ ನೋಡಬೇಕು. 2½, 2¾ ಅಥವಾ 3 ಅಂತ ಇಂಚಿನ ಲೆಕ್ಕ ಇರುತ್ತೆ. 1954ರ ನಂತರದ ಇಂಗ್ಲಿಷ್ ಕೋವಿಗಳಲ್ಲಿ ಟನ್ ಲೆಕ್ಕವೂ ಇರುತ್ತೆ: 3 ಟನ್ ಅಂದರೆ 2½ ಇಂಚಿನ ತೋಟೆ, 3¼ ಟನ್ ಅಂದರೆ 2¾, 4 ಟನ್ ಅಂದರೆ 3 ಇಂಚಿನ ಮ್ಯಾಗ್ನಮ್.

ಏನೂ ಬರೆದಿಲ್ಲ, ಇಲ್ಲಾ ಸವೆದು ಹೋಗಿದೆ ಅಂದರೆ ಅಂದಾಜು ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಛೇಂಬರ್ ಅಳೆಯುವ ಗೇಜ್ ಇರುತ್ತೆ, ಐದು ನಿಮಿಷದ ಕೆಲಸ.

ಐನ್‌ಮನೆಗಳಲ್ಲಿ ಇರುವ ಕೆಲವು ಕೋವಿಗಳ ನಳಿಕೆ ಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಸುರುಳಿ ಗೆರೆ ಕಾಣುತ್ತೆ. ಅದು ಡಮಾಸ್ಕಸ್ ನಳಿಕೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದು ಮಾಡಿದ್ದು, ಹೆಚ್ಚಿನವು ಕರಿಮದ್ದಿನ ಕಾಲದವು. ಇವುಗಳಿಗೆ ಮ್ಯಾಗ್ನಮ್ ಇರಲಿ, ಇವತ್ತಿನ ಸಾದಾ ತೋಟೆ ಕೂಡ ಹಾಕಬೇಡಿ. ಪೂಜೆಗೆ ಇಡಿ, ಗೋಡೆಗೆ ಚೆಂದ.

ಭುಜದ ಲೆಕ್ಕ

3.2 ಕಿಲೋ ತೂಕದ ಕೋವಿಯಲ್ಲಿ 32 ಗ್ರಾಂ ತೋಟೆ ಹೊಡೆದಾಗ ಬರುವ ಒದೆತಕ್ಕಿಂತ, 53 ಗ್ರಾಂ ಮ್ಯಾಗ್ನಮ್‌ನ ಒದೆತ ಎರಡು ಪಟ್ಟಿಗೂ ಹೆಚ್ಚು. ಹೊಸಬರಿಗೆ ಇದರಿಂದ ಆಗುವ ನಷ್ಟ ಭುಜ ನೋವು ಮಾತ್ರ ಅಲ್ಲ. ಎರಡು ಮೂರು ಸಲ ಒದೆ ತಿಂದ ಮೇಲೆ ಮೈ ತಾನಾಗಿಯೇ ಹೆದರುತ್ತೆ. ಟ್ರಿಗರ್ ಎಳೆಯುವ ಮುಂಚೆ ಕಣ್ಣು ಮುಚ್ಚುತ್ತೆ, ಭುಜ ಮುಂದಕ್ಕೆ ತಳ್ಳುತ್ತೆ, ನಳಿಕೆ ಅಲ್ಲಾಡುತ್ತೆ. ಒಮ್ಮೆ ಹತ್ತಿದ ಈ ಚಾಳಿ ಬಿಡಿಸೋದು ಬಹಳ ಕಷ್ಟ. ಸಾದಾ ತೋಟೆಯಲ್ಲಿ ಕಲಿತವರಿಗೆ ಈ ಗೋಳು ಕಡಿಮೆ.

ರೈಫಲ್ ಆದರೆ?

ರೈಫಲ್‌ನಲ್ಲಿ ಮ್ಯಾಗ್ನಮ್ ಅಂದರೆ ನಿಜವಾಗಿಯೂ ವೇಗ. .30-06 ತೋಟೆ 1906ರದ್ದು, ಹೆಸರಿನ 06 ಅದೇ. 180 ಗ್ರೇನ್ ಗುಂಡು ಅದರಲ್ಲಿ ಸೆಕೆಂಡಿಗೆ ಸುಮಾರು 820 ಮೀಟರ್ ಹೋಗುತ್ತೆ. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ ಅದೇ ಗುಂಡು ಸುಮಾರು 900 ಮೀಟರ್. ಈ 80 ಮೀಟರ್ ಹೆಚ್ಚಿಗೆಗೆ ಮದ್ದು, ಸದ್ದು, ಒದೆತ ಎಲ್ಲಾ ಜಾಸ್ತಿ. ಅಮೆರಿಕದ ಬಯಲು, ಬೆಟ್ಟಗಳಲ್ಲಿ ಮುನ್ನೂರು ನಾನೂರು ಮೀಟರ್ ದೂರಕ್ಕೆ ಹೊಡೆಯುವವರಿಗೆ ಅದರ ಉಪಯೋಗ ಇದೆ. ಅಲ್ಲಿ ಕೂಡ ಮೊದಲ ಬೇಟೆ ರೈಫಲ್‌ಗೆ .308 ಅಥವಾ .30-06 ಸಾಕು ಅಂತಾನೇ ಅನುಭವಿಗಳು ಹೇಳೋದು.

ನಮ್ಮಲ್ಲಿ ಹೆಚ್ಚು ಕಾಣುವ ಇಛಾಪುರ ಫ್ಯಾಕ್ಟರಿಯ .315 ಸಾದಾ ರೈಫಲ್ಲೇ. ಅದಕ್ಕೆ ಅದರದ್ದೇ 8 ಮಿ.ಮೀ. ತೋಟೆ, ಮ್ಯಾಗ್ನಮ್ ಪ್ರಶ್ನೆ ಇಲ್ಲ. ಸ್ಪರ್ಧೆಗೆ ಬಳಸುವ .22ರಲ್ಲಿ ಮಾತ್ರ ಗೊಂದಲ ಆಗಬಹುದು. .22 ಲಾಂಗ್ ರೈಫಲ್ ಬೇರೆ, .22 ಮ್ಯಾಗ್ನಮ್ ಬೇರೆ. ಮ್ಯಾಗ್ನಮ್ ತೋಟೆ ದಪ್ಪ, ಸಾದಾ ರೈಫಲ್‌ಗೆ ಹೋಗಲ್ಲ. ಸಾದಾ ತೋಟೆ ಮ್ಯಾಗ್ನಮ್ ರೈಫಲ್‌ನಲ್ಲಿ ಲೊಡಲೊಡ ಕೂರುತ್ತೆ, ಹೊಡೆದರೆ ಖೋಕ ಸೀಳಿ ಬಿಸಿ ಗಾಳಿ ಮುಖಕ್ಕೆ ಬರಬಹುದು.

ಇನ್ನೊಂದು ಮಾತು ಕಾಫಿ ತೋಟದವರಿಗೆ. ಪುಟ್ಟ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ದೊಡ್ಡ ರೈಫಲ್‌ದು ಇನ್ನೂ ಎಷ್ಟೋ ದೂರ. ಗಿಡದ ಆಚೆ ಕಾಣಲ್ಲ, ಆದರೆ ಅಲ್ಲಿ ಲೈನ್ ಮನೆ ಇರುತ್ತೆ, ರಸ್ತೆ ಇರುತ್ತೆ, ಕಾಫಿ ಕೊಯ್ಯುವವರು ಇರ್ತಾರೆ. ಹಿಂದೆ ಮಣ್ಣಿನ ದಿಣ್ಣೆ ಇಲ್ಲದ ಕಡೆ ರೈಫಲ್ ಹೊಡೆಯಲೇಬಾರದು. ಹೆಚ್ಚು ಶಕ್ತಿಯ ತೋಟೆ ಅಂದರೆ ತಪ್ಪು ಕೂಡ ಹೆಚ್ಚು ದೂರ ಹೋಗುತ್ತೆ.

ಮಳೆಗಾಲದ ತೋಟೆ

ಯಾವ ತೋಟೆ ಆದರೂ ನಮ್ಮ ಮಳೆಗೆ ತಡೆಯಬೇಕು. ಹಳೇ ಕಾಗದದ ತೋಟೆ ತೇವಕ್ಕೆ ಊದಿಕೊಳ್ಳುತ್ತೆ. ಊದಿದ್ದನ್ನು, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದನ್ನು ಒತ್ತಿ ತುಂಬಬೇಡಿ. ಈಡು ಹೊಡೆದಾಗ 'ಟುಸ್' ಅಂತ ಸಣ್ಣ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಮದ್ದು ಪೂರ್ತಿ ಉರಿಯದೆ ಒಳಗಿನ ಬಿಲ್ಲೆ ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಕೆ ಒಡೆಯುತ್ತೆ. ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಕೋವಿ ಬಿಚ್ಚಿ, ತೋಟೆ ತೆಗೆದು, ಹಿಂದಿನಿಂದ ಬೆಳಕು ಕಾಣುತ್ತಾ ನೋಡಿ.

ಅಂಗಡಿಗೆ ಹೋಗುವ ಮುಂಚೆ

1. ಛೇಂಬರ್ ಅಳತೆ ನೋಡಿ, ಚೀಟಿಯಲ್ಲಿ ಬರೆದುಕೊಳ್ಳಿ. ಕೋವಿ ಚೀಲದಲ್ಲೂ ಒಂದು ಚೀಟಿ ಇರಲಿ.
2. ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ತೆಗೆದುಕೊಂಡು ಹೋಗಿ. ಲೈಸೆನ್ಸ್ ಇರುವ ಅಂಗಡಿ ಬಿಟ್ಟು ಬೇರೆ ಕಡೆ ತೋಟೆ ತಗೋಬೇಡಿ.
3. ಪೆಟ್ಟಿಗೆ ಮೇಲೆ ಬೋರ್, ಮಿ.ಮೀ., ಗ್ರಾಂ, ಚರೆ ನಂಬರ್ ನಾಲ್ಕನ್ನೂ ಓದಿ. 'ಎಲ್ಲಾ ಒಂದೇ' ಅಂದರೆ ವಾಪಸ್ ಕೊಡಿ.
4. ಸಂಬಂಧಿಕರು ಕೊಟ್ಟ ಬಿಡಿ ತೋಟೆ ಬೇಡ. ಬೇರೆ ಬೇರೆ ಅಳತೆಯವು ಒಂದೇ ಡಬ್ಬದಲ್ಲಿ ಸೇರಿದರೆ ಗುರುತು ಸಿಗಲ್ಲ.
5. ಕೋವಿ ಒಂದು ಬೀರುವಿನಲ್ಲಿ, ತೋಟೆ ಇನ್ನೊಂದರಲ್ಲಿ. ಎರಡಕ್ಕೂ ಬೀಗ. ಕೀ ಮಕ್ಕಳ ಕೈಗೆ ಸಿಗಬಾರದು.
6. ಮದುವೆ, ಸಮಾರಂಭದಲ್ಲಿ ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಗಾಳಿಯಲ್ಲಿ ಗುಂಡು ಹಾರಿಸಿದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ.

ಒಟ್ಟಿನಲ್ಲಿ, ಮೊದಲ ಕೋವಿ 12 ಬೋರ್ ಆಗಿದ್ದು ಛೇಂಬರ್ 70 ಮಿ.ಮೀ. ಅಂತ ಖಾತ್ರಿ ಆದರೆ 28ರಿಂದ 32 ಗ್ರಾಂನ ಸಾದಾ ತೋಟೆ ಸಾಕು. ತೆಂಗಿನಕಾಯಿಗೂ, ತೋಟದ ಕಾವಲಿನಲ್ಲಿ ಸದ್ದು ಮಾಡೋಕೂ, ಕೈ ಪಳಗೋಕೂ ಅದೇ ಸರಿ. ತೆಂಗಿನಕಾಯಿ ತಪ್ಪಿದರೆ ಮುಂದಿನ ವರ್ಷ ಮತ್ತೆ ಹೊಡೆಯಬಹುದು. ನಳಿಕೆ ಸೀಳಿ ಕೈ ಹೋದರೆ ಮತ್ತೆ ಬರಲ್ಲ.