ಮೆಟ್ಟಿಲು ಕೂರಿಸುವ ಕೆಲಸ

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿದ ಮೇಲೆ ಪೆರೇಸಂದ್ರ ಸಿಕ್ಕುತ್ತದೆ. ಆ ಸೀಮೆಯಲ್ಲಿ 'ಸಂದ್ರ' ಎಂದು ಮುಗಿಯುವ ಊರುಗಳು ಹಲವು. ಹಿಂದಿನವರು ಹಿಗ್ಗಿನಿಂದ ಸಮುದ್ರವೆಂದು ಕರೆದ ಕೆರೆಗಳ ನೆನಪು ಅದು. ಈಚೆಗೆ ಅಲ್ಲಿನ ಪರಿಚಯದ ಮನೆಯೊಂದಕ್ಕೆ ಹೋಗಿದ್ದಾಗ ಆ ಮನೆಯ ಹುಡುಗ ತಾನೇ ಮಾಡುತ್ತಿದ್ದ ವಾದ್ಯವೊಂದನ್ನು ತಂದು ತೋರಿಸಿದ. ವಿದ್ಯುತ್ ಬೇಸ್ ಗಿಟಾರು: ನಾಲ್ಕು ತಂತಿ, ಟೊಳ್ಳಿಲ್ಲದ ಹಲಸಿನ ಒಡಲು, ಬೆರಳಾಡುವ ಪಟ್ಟಿಗೆ ಬೀಟೆ ಮರ. ಕೆತ್ತಿದ್ದು, ಉಜ್ಜಿದ್ದು ಎಲ್ಲ ಆಗಿತ್ತು. ಉಳಿದದ್ದು ಮೆಟ್ಟಿಲು ಕೂರಿಸುವುದು.

"ಗರಗಸ ಕೂದಲೆಳೆಯಷ್ಟು ಆಚೀಚೆ ಹೋದರೂ ಪಟ್ಟಿ ಹಾಳು, ತಾತ. ಹದಿನೈದು ದಿನದಿಂದ ಕೈ ಹಾಕುವುದಕ್ಕೆ ಧೈರ್ಯ ಬರುತ್ತಿಲ್ಲ" ಎಂದ.

ಈ ಅಳುಕಿಗೆ ನಮ್ಮ ನಾಡಿನಲ್ಲಿಯೇ ದೊಡ್ಡ ಇತಿಹಾಸವಿದೆ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ೧೫೫೦ರಲ್ಲಿ 'ಸ್ವರಮೇಳಕಲಾನಿಧಿ'ಯನ್ನು ಬರೆದಾಗ ಅವನನ್ನು ಕಾಡಿದ ಪ್ರಶ್ನೆಗಳಲ್ಲಿ ಇದೂ ಒಂದು. ಒಂದು ರಾಗಕ್ಕೆ ಹೊಂದುವಂತೆ ಮೆಟ್ಟಿಲನ್ನು ಇಟ್ಟು, ರಾಗ ಬದಲಾದಾಗ ಅದನ್ನು ಸರಿಸಿಕೊಳ್ಳುವುದು ಒಂದು ಬಗೆ; ಎಲ್ಲ ರಾಗಗಳಿಗೂ ಸಲ್ಲುವಂತೆ ಒಮ್ಮೆಗೇ ನಿಲ್ಲಿಸಿಬಿಡುವುದು ಇನ್ನೊಂದು ಬಗೆ. ಮೊದಲನೆಯದನ್ನು ಅವನು ಏಕರಾಗಮೇಳವೀಣೆ ಎಂದ, ಎರಡನೆಯದನ್ನು ಸರ್ವರಾಗಮೇಳವೀಣೆ ಎಂದ. ಯಾರ ಇಷ್ಟಕ್ಕೂ ಒಳಪಡದೆ ತಂತಿಯಲ್ಲಿ ತಾನಾಗಿ ಹುಟ್ಟುವ ಸ್ವರಗಳಿಗೆ 'ಸ್ವಯಂಭೂ' ಎಂದು ಹೆಸರಿಟ್ಟು, ಅವುಗಳನ್ನೇ ಪ್ರಮಾಣವೆಂದು ಹಿಡಿದ. ಮುಂದೆ ತಂಜಾವೂರಿನಲ್ಲಿ ರಘುನಾಥ ನಾಯಕನ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನು ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಸ್ಥಿರಗೊಳಿಸಿದನೆಂದು ಪರಂಪರೆ ಹೇಳುತ್ತದೆ. ಇಂದಿನ ಸರಸ್ವತೀ ವೀಣೆಯಲ್ಲಿರುವುದು ಆ ಇಪ್ಪತ್ತನಾಲ್ಕೇ.

ಸ್ಥಿರವೆಂದೆ, ಆದರೆ ಎಷ್ಟು ಸ್ಥಿರ? ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಗಳಿಗೆ ಹೆಸರಾದ ಹಳ್ಳಿ. ಅಲ್ಲಿಯೂ ಮರ ಹಲಸೇ. ಕೊಡ, ದಂಡಿ, ಯಾಳಿಯ ಮುಖ, ಬಿರಡೆ, ಕುದುರೆ ಎಲ್ಲವೂ ಸಿದ್ಧವಾದ ಮೇಲೆ ಕಡೆಯದಾಗಿ ಬರುವುದು ಮೇಳ ಕಟ್ಟುವ ಕೆಲಸ. ಜೇನುಮೇಣಕ್ಕೆ ಕರಿಯ ಪುಡಿಯನ್ನು ಬೆರೆಸಿ, ದಂಡಿಯ ಮೇಲೆ ಎರಡು ಏಣುಗಳಾಗಿ ಮೆತ್ತಿ, ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಅದರಲ್ಲಿ ಒತ್ತುತ್ತಾರೆ. ತಂತಿಯನ್ನು ಮೀಟುವುದು, ಕೇಳುವುದು, ಮೆಟ್ಟಿಲನ್ನು ತುಸು ಸರಿಸುವುದು, ಮತ್ತೆ ಮೀಟುವುದು. ಅಳತೆಗೋಲಿಗಿಂತ ಇಲ್ಲಿ ಕಿವಿಯ ಮಾತೇ ಮೇಲು. ಬಳಕೆಯಿಂದಲೋ ಬೇಸಗೆಯ ಸೆಕೆಯಿಂದಲೋ ಮೇಣ ಸಡಿಲಿದರೆ ಕೆಲವು ವರ್ಷಗಳ ಮೇಲೆ ಮೇಳವನ್ನು ಮತ್ತೆ ಕಟ್ಟಬೇಕು. ಇದನ್ನು ವೀಣೆಯ ಕುಂದೆಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ; ತಪ್ಪನ್ನು ತಿದ್ದಿಕೊಳ್ಳುವ ಎಡೆಯನ್ನು ವಾದ್ಯದಲ್ಲಿಯೇ ಉಳಿಸಿದ ಜಾಣತನ ಅದು.

ಗಿಟಾರಿನ ವಂಶ ಬೇರೆ ದಾರಿ ಹಿಡಿಯಿತು. ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಚೆಂಜೊ ಗೆಲಿಲಿ ಲ್ಯೂಟ್ ವಾದಕ. ತಂತಿಯ ಉದ್ದವನ್ನು ಹದಿನೆಂಟು ಪಾಲು ಮಾಡಿ ಒಂದು ಪಾಲನ್ನು ಬಿಟ್ಟಲ್ಲಿ ಮೊದಲ ಮೆಟ್ಟಿಲು, ಉಳಿದದ್ದರಲ್ಲಿ ಮತ್ತೆ ಹದಿನೆಂಟನೆಯ ಪಾಲು ಬಿಟ್ಟಲ್ಲಿ ಎರಡನೆಯದು ಎಂಬ ಸೂತ್ರವನ್ನು ಅವನು ೧೫೮೧ರ ತನ್ನ ಗ್ರಂಥದಲ್ಲಿ ಕೊಟ್ಟ. ಇಂದಿನ ಲೆಕ್ಕದಲ್ಲಿ ಹದಿನೆಂಟರ ಬದಲು ೧೭.೮೧೭. ಹುಡುಗನ ಬೇಸಿನ ತಂತಿಯ ಉದ್ದ ೩೪ ಅಂಗುಲ. ಮೊದಲ ಮೆಟ್ಟಿಲು ೧.೯೦೮ ಅಂಗುಲಕ್ಕೆ, ಹನ್ನೆರಡನೆಯದು ಸರಿಯಾಗಿ ನಡುವೆ, ೧೭ಕ್ಕೆ.

ಆ ೩೪ ಅಂಗುಲವನ್ನು ರೂಢಿಗೆ ತಂದವನು ಲಿಯೋ ಫೆಂಡರ್. ಗಿಟಾರು ನುಡಿಸಲು ಬಾರದ ಈ ಮನುಷ್ಯ ೧೯೩೮ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ತೆರೆದದ್ದು ರೇಡಿಯೋ ರಿಪೇರಿ ಅಂಗಡಿಯನ್ನು. ಬಾನುಲಿಯ ಭಾಷಣದಲ್ಲಿ ಇದನ್ನು ಹೇಳದೆ ಬಿಡಲಾದೀತೆ! ಅದುವರೆಗೆ ಮಂದ್ರ ಸ್ವರಕ್ಕೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಅದಕ್ಕೆ ಮೆಟ್ಟಿಲುಗಳಿಲ್ಲ, ಸ್ವರದ ಜಾಗವನ್ನು ಬೆರಳೇ ಹುಡುಕಿಕೊಳ್ಳಬೇಕು. ಫೆಂಡರ್ ೧೯೫೧ರಲ್ಲಿ ಹೊರತಂದ ವಾದ್ಯಕ್ಕೆ ಮೆಟ್ಟಿಲುಗಳಿದ್ದವು. ಆದ್ದರಿಂದಲೇ ಅದಕ್ಕೆ ನಿಖರತೆ ಎಂಬ ಅರ್ಥದ 'ಪ್ರಿಸಿಷನ್' ಎಂಬ ಹೆಸರು. ಉಕ್ಕಿನ ತಂತಿ ಅಯಸ್ಕಾಂತದ ಮುಂದೆ ಅದುರಿದರೆ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ವೀಣೆಗೆ ಬೇಕಾದ ಟೊಳ್ಳು ಕೊಡ ಇದಕ್ಕೆ ಬೇಡ. ಆದರೆ ಮನುಷ್ಯನ ಸ್ವಭಾವವನ್ನು ನೋಡಿ: ಜಾಕೊ ಪಾಸ್ಟೋರಿಯಸ್ ಎಂಬ ಅಮೆರಿಕದ ಪ್ರತಿಭಾವಂತ ಫೆಂಡರ್ ಬೇಸಿನ ಮೆಟ್ಟಿಲುಗಳನ್ನೇ ಕಿತ್ತು, ಸೀಳುಗಳನ್ನು ತುಂಬಿಸಿ ನುಡಿಸಿದ. ೧೯೭೬ರಲ್ಲಿ ಬಂದ ಅವನ ಮೊದಲ ಧ್ವನಿಮುದ್ರಿಕೆಯನ್ನು ಕೇಳಿದವರು ಆ ಜಾರುಗಳನ್ನು ಮರೆಯಲಾರರು. ನಮ್ಮ ಕಿವಿಗೆ ಅವು ಗಮಕದ ನೆಂಟರು.

ಬೀಟೆಯ ಮಾತೂ ಒಂದಿಷ್ಟು. ೧೯೬೦ರ ದಶಕದ ಕೊನೆಯಲ್ಲಿ ಬ್ರೆಜಿಲಿನ ಬೀಟೆ ದುರ್ಲಭವಾದಾಗ ಪಾಶ್ಚಾತ್ಯ ಗಿಟಾರು ತಯಾರಕರು ಭಾರತದ ಬೀಟೆಯತ್ತ ತಿರುಗಿದರು. ಹಾಗೆ ನಮ್ಮ ಪಶ್ಚಿಮಘಟ್ಟದ ಜಾತಿಯ ಮರ ಕಾಣದ ದೇಶಗಳ ಬೆರಳುಗಳ ಕೆಳಗೆ ಸೇರಿತು.

ಎರಡು ತಿಂಗಳ ಮೇಲೆ ಪೆರೇಸಂದ್ರಕ್ಕೆ ಮತ್ತೆ ಹೋದೆ. ಹುಡುಗ ಗರಗಸ ಹಿಡಿದು ಸೀಳುಗಳನ್ನು ಕೊಯ್ದಿದ್ದ, ಮೆಟ್ಟಿಲುಗಳನ್ನು ಬಡಿದು ಕೂರಿಸಿ ಅಂಚುಗಳಿಗೆ ಅರ ಹಾಕಿದ್ದ. ತಂತಿಗಳೂ ಏರಿದ್ದವು. ಆದರೂ ಮುಖದಲ್ಲಿ ನೆಮ್ಮದಿಯಿಲ್ಲ. ತಂತಿಯ ನಟ್ಟನಡುವೆ ಬೆರಳನ್ನು ಒತ್ತದೆ ಸುಮ್ಮನೆ ಸೋಕಿಸಿ ಮೀಟಿದ. ಮೇಲಿನ ಷಡ್ಜ ತಾನಾಗಿ ಮೊಳಗಿತು. ಅದೇ ಹನ್ನೆರಡನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿದ. ಸ್ವರ ಕೂದಲೆಳೆಯಷ್ಟು ಏರಿತ್ತು. ಲೆಕ್ಕವೆಲ್ಲ ಸರಿ. ಆದರೆ ಒತ್ತಿದ ತಂತಿ ಬಿಗಿಯಾಗುತ್ತದೆ, ದಪ್ಪ ತಂತಿ ಇನ್ನೂ ಹೆಚ್ಚು ಮೊಂಡು ಮಾಡುತ್ತದೆ. ಅದಕ್ಕೆಂದೇ ಕುದುರೆಯಲ್ಲಿ ತಂತಿಗೊಂದರಂತೆ ಸ್ಕ್ರೂ ಇಟ್ಟಿರುತ್ತಾರೆ. ಹಿಂದಕ್ಕೆ ಸರಿಸಿದರೆ ತಂತಿಯ ಉದ್ದ ಬೆಳೆದು ಸ್ವರ ಇಳಿಯುತ್ತದೆ. ಸಿಂಪಾಡಿಪುರದ ಮೇಣದ ಕಥೆಯನ್ನು ಅವನಿಗೆ ಹೇಳಿದೆ. ಕೇಳಿಸಿಕೊಂಡನೋ ಇಲ್ಲವೋ. ನಾನು ಬಸ್ಸಿಗೆ ಹೊರಟಾಗಲೂ ನಾಲ್ಕನೆಯ ತಂತಿಗೆ ಕಿವಿಗೊಟ್ಟು, ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಮೀಟುತ್ತಿದ್ದ.