ಕರುಳಿನ ಕಾವಲು, ಬಾಯಿಯ ಹನಿ

ಮಗುವಿನ ಬಾಯಿಗೆ ಎರಡು ಹನಿ ಲಸಿಕೆ ಹಾಕುವ ಪದ್ಧತಿಗೆ ಕರುಳಿನ ಒಳಗೋಡೆಯೇ ಆಧಾರ. ರಕ್ತದಲ್ಲಿರುವ ರೋಗನಿರೋಧಕ ಶಕ್ತಿ ಒಂದು ಬಗೆ, ಕರುಳಿನ ಒಳಮೈ ತಾನೇ ಬೆಳೆಸಿಕೊಳ್ಳುವ ಶಕ್ತಿ ಇನ್ನೊಂದು ಬಗೆ ಎಂಬುದು ವೈದ್ಯಶಾಸ್ತ್ರಕ್ಕೆ ಮನದಟ್ಟಾಗಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

1677ರಲ್ಲಿ ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ ಊರಿನ ವೈದ್ಯ ಯೋಹಾನ್ ಕಾನ್ರಾಡ್ ಪೇಯರ್ ಸಣ್ಣ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಕಾಣುವ ಅಂಡಾಕಾರದ ತೇಪೆಗಳನ್ನು ವಿವರಿಸಿದ. ಜೀರ್ಣರಸ ಒಸರಿಸುವ ಗ್ರಂಥಿಗಳು ಇವು ಎಂದು ಅವನು ಭಾವಿಸಿದ. ಅವನ ಹೆಸರು ತೇಪೆಗಳಿಗೆ ಉಳಿಯಿತು, ಆದರೆ ಅವುಗಳ ಕೆಲಸ ಮಾತ್ರ ಬಹುಕಾಲ ಯಾರಿಗೂ ತಿಳಿಯಲಿಲ್ಲ. ವಿಷಮಶೀತ ಜ್ವರದಲ್ಲಿ ಈ ತೇಪೆಗಳೇ ಊದಿಕೊಂಡು ಹುಣ್ಣಾಗುತ್ತವೆ ಎಂಬುದು ಹತ್ತೊಂಬತ್ತನೇ ಶತಮಾನದ ವೈದ್ಯರಿಗೆ ಶವಪರೀಕ್ಷೆಯಿಂದ ಗೊತ್ತಿತ್ತು. ಏಟು ಬೀಳುವ ಜಾಗವೇ ಕಾವಲಿನ ಠಾಣೆಯೂ ಇರಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ರೋಗಾಣು ಸಿದ್ಧಾಂತ ನೆಲೆಗೊಂಡ ಮೇಲೆ ಎಲ್ಲರ ಗಮನ ರಕ್ತದ ಕಡೆ ತಿರುಗಿತು. 1893ರಲ್ಲಿ ಭಾರತಕ್ಕೆ ಬಂದ ವಾಲ್ಡೆಮಾರ್ ಹಾಫ್ಕಿನ್ ಕಾಲರಾ ತಡೆಯಲು ಸಾವಿರಾರು ಜನರಿಗೆ ಚುಚ್ಚುಮದ್ದು ಕೊಟ್ಟರು. ಕಾಲರಾ ಬ್ಯಾಕ್ಟೀರಿಯ ಕರುಳಿನ ಒಳಮೈಗೆ ಅಂಟಿಕೊಂಡು ಬೆಳೆಯುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ಹಾಗಿದ್ದರೂ ಮದ್ದು ಹೋದದ್ದು ಚರ್ಮದಡಿಗೆ. ಈ ಅಸಂಗತಿಯನ್ನು ಹಿಡಿದು ಪ್ರಶ್ನಿಸಿದವರು ಒಡೆಸ್ಸಾದಲ್ಲಿ ಹುಟ್ಟಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದ ಅಲೆಕ್ಸಾಂಡ್ರ್ ಬೆಸ್ರೆಡ್ಕಾ. ರೋಗಾಣು ಎಲ್ಲಿ ದಾಳಿ ಮಾಡುತ್ತದೋ ಅಲ್ಲಿಯೇ ನಿರೋಧ ಹುಟ್ಟಬೇಕು ಎಂದು ಅವರು ವಾದಿಸಿದರು. ಪಿತ್ತರಸದ ಜೊತೆ ಸತ್ತ ಬ್ಯಾಕ್ಟೀರಿಯ ಸೇರಿಸಿ ನುಂಗುವ ಲಸಿಕೆಯನ್ನೂ ತಯಾರಿಸಿದರು. ಪ್ರತಿಕಾಯಗಳ ನೆರವಿಲ್ಲದೆ ಕರುಳಿನ ಜೀವಕೋಶಗಳೇ ಗಟ್ಟಿಯಾಗುತ್ತವೆ ಎಂಬ ಅವರ ವಿವರಣೆ ತಪ್ಪಾಗಿತ್ತು. ಜಾಗ ಮುಖ್ಯ ಎಂಬ ಮಾತು ಮಾತ್ರ ಸರಿಯಾಗಿತ್ತು. ಸಮಕಾಲೀನರು ತಪ್ಪನ್ನು ಕಂಡು ಸರಿಯನ್ನೂ ಬದಿಗಿಟ್ಟದ್ದರಿಂದ ಈ ಶಾಖೆ ದಶಕಗಳ ಕಾಲ ಹಿಂದೆ ಬಿತ್ತು. 1922ರಲ್ಲಿ ಡೇವಿಸ್ ಎಂಬ ಬ್ರಿಟಿಷ್ ವೈದ್ಯ ರಕ್ತಭೇದಿ ರೋಗಿಗಳ ಮಲದಲ್ಲಿ ಪ್ರತಿಕಾಯಗಳನ್ನು ಕಂಡಿದ್ದರು. ಅವು ರಕ್ತದಲ್ಲಿ ಕಾಣಿಸಿಕೊಳ್ಳುವುದಕ್ಕೂ ಮೊದಲೇ ಮಲದಲ್ಲಿದ್ದವು. ಆ ವರದಿಗೂ ಆಗ ದೊರೆಯಬೇಕಾದ ಮನ್ನಣೆ ದೊರೆಯಲಿಲ್ಲ.

ಉತ್ತರ ಸಿಕ್ಕಿದ್ದು 1960ರ ದಶಕದಲ್ಲಿ. ಬೆಲ್ಜಿಯಮ್ಮಿನ ಜೋಸೆಫ್ ಹೆರೆಮನ್ಸ್ 1959ರಲ್ಲಿ ರಕ್ತದಿಂದ ಬೇರ್ಪಡಿಸಿದ ಹೊಸ ಬಗೆಯ ಪ್ರತಿಕಾಯಕ್ಕೆ ಮುಂದೆ ಐಜಿಎ ಎಂಬ ಹೆಸರಾಯಿತು. ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್ ತಾಯಿಯ ಹಾಲಿನಲ್ಲೂ, ಅಮೆರಿಕದ ಥಾಮಸ್ ಟೊಮಾಸಿ ಜೊಲ್ಲಿನಲ್ಲೂ ಅದನ್ನು ಕಂಡರು. ರಕ್ತದಲ್ಲಿ ಬಿಡಿಯಾಗಿ ಇರುವ ಐಜಿಎ ಇಲ್ಲಿ ಜೋಡಿಯಾಗಿತ್ತು. ಜೊತೆಗೆ ಜೀರ್ಣರಸಗಳು ಸುಲಭವಾಗಿ ಕತ್ತರಿಸದಂತೆ ಕಾಯುವ ಒಂದು ಹೊದಿಕೆಯ ತುಣುಕೂ ಇತ್ತು. ವಯಸ್ಕರ ಕರುಳು ದಿನಕ್ಕೆ ಸುಮಾರು 3ರಿಂದ 5 ಗ್ರಾಂ ಐಜಿಎ ಸುರಿಸುತ್ತದೆ. ದೇಹ ತಯಾರಿಸುವ ಉಳಿದೆಲ್ಲ ಪ್ರತಿಕಾಯಗಳನ್ನು ಕೂಡಿಸಿದರೂ ಇಷ್ಟಾಗುವುದಿಲ್ಲ. ಅದು ರೋಗಾಣುವಿಗೆ ಅಂಟಿಕೊಂಡು ಲೋಳೆಯಲ್ಲೇ ತಡೆದು ಹೊರಗೆ ಸಾಗಿಸುತ್ತದೆ. ಉರಿಯೂತ ಎಬ್ಬಿಸದೆ ಈ ಕೆಲಸ ಮಾಡುವುದೇ ಅದರ ಹೆಚ್ಚುಗಾರಿಕೆ, ಏಕೆಂದರೆ ಒಂದೇ ಪದರ ಜೀವಕೋಶಗಳಿರುವ ಕರುಳಿನ ಒಳಮೈ ದಿನದಿನದ ಉರಿಯೂತವನ್ನು ತಾಳಲಾರದು. ಹೆರಿಗೆಯಾದ ಕೂಡಲೇ ಬರುವ ಗಿಣ್ಣುಹಾಲಿನಲ್ಲಿ ಐಜಿಎ ಅತ್ಯಂತ ದಟ್ಟವಾಗಿರುತ್ತದೆ. ಅದನ್ನು ಹಿಂಡಿ ಚೆಲ್ಲುತ್ತಿದ್ದ ಹಳೆಯ ರೂಢಿಯಿಂದ ಎಳೆಗೂಸುಗಳು ಕಳೆದುಕೊಂಡದ್ದು ಏನೆಂಬುದು ಈ ಶೋಧದಿಂದ ಸ್ಪಷ್ಟವಾಯಿತು.

ಪೇಯರನ ತೇಪೆಗಳ ಒಗಟು ಬಿಡಿಸಿದ್ದೂ ಅದೇ ಕಾಲ. 1971ರಲ್ಲಿ ಕ್ರೇಗ್ ಮತ್ತು ಸೆಬ್ರಾ ಮೊಲಗಳ ಮೇಲೆ ಪ್ರಯೋಗ ನಡೆಸಿ, ಐಜಿಎ ತಯಾರಿಸುವ ಕೋಶಗಳ ತವರು ಈ ತೇಪೆಗಳೇ ಎಂದು ತೋರಿಸಿದರು. ತೇಪೆಯ ಮೇಲಿನ ವಿಶೇಷ ಕೋಶಗಳಿಗೆ 1974ರಲ್ಲಿ ಎಂ ಕೋಶ ಎಂಬ ಹೆಸರು ಬಂತು. ಕರುಳಿನೊಳಗೆ ಹಾದುಹೋಗುವ ಕಣಗಳನ್ನು ಇವು ಹಿಡಿದು ಒಳಗಿನ ರಕ್ಷಕ ಕೋಶಗಳಿಗೆ ಒಪ್ಪಿಸುತ್ತವೆ. ಅಲ್ಲಿ ಪಳಗಿದ ಕೋಶಗಳು ದುಗ್ಧರಸದ ನಾಳ ಹಿಡಿದು ರಕ್ತಕ್ಕೆ ಸೇರಿ, ಮತ್ತೆ ಕರುಳಿನ ಗೋಡೆಗೇ ಮರಳಿ ನೆಲೆಸುತ್ತವೆ. ಚರ್ಮದಡಿ ಚುಚ್ಚಿದ ಮದ್ದು ಪಳಗಿಸಿದ ಕೋಶಗಳಲ್ಲಿ ಹೆಚ್ಚಿನವಕ್ಕೆ ಈ ದಾರಿ ಗೊತ್ತಿರುವುದಿಲ್ಲ.

ಈ ಜ್ಞಾನ ಪೋಲಿಯೊ ಲಸಿಕೆಯ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಪೋಲಿಯೊ ವೈರಸ್ ಮೂಗಿನಿಂದ ನೇರ ಮಿದುಳಿಗೆ ಏರುತ್ತದೆ ಎಂದು ಮೊದಲು ನಂಬಲಾಗಿತ್ತು. ಆಲ್ಬರ್ಟ್ ಸೇಬಿನ್ ಮತ್ತು ರಾಬರ್ಟ್ ವಾರ್ಡ್ 1941ರಲ್ಲಿ ಸತ್ತವರ ಅಂಗಾಂಗಗಳನ್ನು ಪರೀಕ್ಷಿಸಿ, ವೈರಸ್ಸಿನ ವಾಸ ಕರುಳಿನಲ್ಲಿದೆ ಎಂದು ಸಾಬೀತು ಮಾಡಿದರು. 1955ರಲ್ಲಿ ಬಂದ ಜೋನಾಸ್ ಸಾಕ್‌ರ ಚುಚ್ಚುಮದ್ದು ಮಕ್ಕಳ ನರಗಳನ್ನು ಕಾಪಾಡಿತು, ಆದರೆ ಕರುಳಿನಲ್ಲಿ ವೈರಸ್ ಬೆಳೆದು ಮಲದ ಮೂಲಕ ಹರಡುವುದನ್ನು ಅಷ್ಟಾಗಿ ತಡೆಯಲಿಲ್ಲ. ಸೇಬಿನ್ ಅವರ ದುರ್ಬಲಗೊಳಿಸಿದ ಜೀವಂತ ವೈರಸ್ಸನ್ನು 1959ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಮಿಖಾಯಿಲ್ ಚುಮಕೋವ್ ಒಂದು ಕೋಟಿಗೂ ಹೆಚ್ಚು ಜನರಿಗೆ ಬಾಯಿಯ ಮೂಲಕ ಕೊಡಿಸಿದರು. ಶೀತಲ ಸಮರದ ನಡುವೆ ಎರಡು ದೇಶಗಳ ವಿಜ್ಞಾನಿಗಳು ಕೈಜೋಡಿಸಿದ ಈ ಪ್ರಸಂಗ ವೈದ್ಯ ಚರಿತ್ರೆಯ ಅತ್ಯಂತ ಗೌರವದ ಘಟನೆಗಳಲ್ಲೊಂದು.

ಎರಡು ಲಸಿಕೆಗಳ ವ್ಯತ್ಯಾಸವನ್ನು ಅಳೆದು ತೋರಿಸಿದವರು ಅಮೆರಿಕದ ಬಫೆಲೊ ನಗರದಲ್ಲಿದ್ದ ಭಾರತ ಮೂಲದ ವೈದ್ಯ ಪ್ಯಾರೇ ಓಗ್ರಾ ಮತ್ತು ಡೇವಿಡ್ ಕಾರ್ಜನ್. ಚುಚ್ಚುಮದ್ದು ಪಡೆದ ಮಕ್ಕಳ ರಕ್ತದಲ್ಲಿ ಪ್ರತಿಕಾಯ ತುಂಬಿದ್ದರೂ ಗಂಟಲು ಮತ್ತು ಕರುಳಿನ ಸ್ರಾವದಲ್ಲಿ ಐಜಿಎ ಇಲ್ಲವೆನ್ನುವಷ್ಟು ಕಡಿಮೆ ಎಂದೂ, ಹನಿ ಪಡೆದವರಲ್ಲಿ ಎರಡೂ ಕಡೆ ಇದೆಯೆಂದೂ 1968ರಲ್ಲಿ ಅವರು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಿಂದ ದೊಡ್ಡ ಕರುಳಿನ ಒಂದು ಭಾಗ ಬೇರೆಯಾಗಿದ್ದ ಶಿಶುಗಳಲ್ಲಿ ಆ ಭಾಗಕ್ಕಷ್ಟೇ ಲಸಿಕೆ ಹಾಕಿದಾಗ ಸ್ರಾವದ ಪ್ರತಿಕಾಯ ಅಲ್ಲಿ ಹುಟ್ಟಿತು, ಗಂಟಲಿನಲ್ಲಿ ಹುಟ್ಟಲಿಲ್ಲ. ಜಾಗ ಮುಖ್ಯವೆಂಬ ಬೆಸ್ರೆಡ್ಕಾ ಅವರ ಮಾತಿಗೆ ನಾಲ್ಕು ದಶಕಗಳ ಮೇಲೆ ಪುರಾವೆ ದೊರೆಯಿತು.

ಆದರೆ ಹನಿ ಎಲ್ಲ ಕರುಳುಗಳಲ್ಲೂ ಒಂದೇ ಸಮನೆ ಕೆಲಸ ಮಾಡಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಟಿ. ಜೇಕಬ್ ಜಾನ್ 1970ರ ದಶಕದಲ್ಲಿಯೇ, ಮೂರು ಡೋಸ್ ಪಡೆದ ಅನೇಕ ಮಕ್ಕಳಲ್ಲಿ ಪ್ರತಿಕಾಯ ಹುಟ್ಟದಿರುವುದನ್ನು ಗುರುತಿಸಿ ಎಚ್ಚರಿಸಿದರು. ಪದೇ ಪದೇ ಬರುವ ಭೇದಿ ಮತ್ತು ಕರುಳಿನಲ್ಲಿ ಮೊದಲೇ ಬೀಡುಬಿಟ್ಟ ಇತರ ವೈರಸ್‌ಗಳು ಲಸಿಕೆಯ ವೈರಸ್ಸಿಗೆ ಬೇರೂರಲು ಎಡೆ ಕೊಡುತ್ತಿರಲಿಲ್ಲ. ಹೆಚ್ಚು ಡೋಸ್ ಕೊಡಬೇಕು, ಊರಿನ ಮಕ್ಕಳಿಗೆಲ್ಲ ಒಂದೇ ಸಲ ಕೊಡಬೇಕು ಎಂಬ ಅವರ ವಿಧಾನವೇ ಪಲ್ಸ್ ಎಂಬ ಹೆಸರು ಹೊತ್ತು 1995ರಲ್ಲಿ ದೇಶವ್ಯಾಪಿಯಾಯಿತು. ಬೂತು, ಐಸ್ ಪೆಟ್ಟಿಗೆ, ಮಗುವಿನ ಕಿರುಬೆರಳಿಗೆ ಶಾಯಿಯ ಗುರುತು, ಬಿಟ್ಟುಹೋದವರಿಗಾಗಿ ಮನೆಮನೆ ಭೇಟಿ ಎಲ್ಲವೂ ಊರೂರಿನ ವಾಡಿಕೆಯಾದವು. ಉತ್ತರ ಪ್ರದೇಶದಲ್ಲಿ ಮೂರು ಬಗೆಯ ವೈರಸ್ ಕೂಡಿದ ಒಂದು ಡೋಸ್ ಒಂದನೇ ಬಗೆಯ ಪೋಲಿಯೊದ ವಿರುದ್ಧ ಸುಮಾರು ಶೇ. 9ರಷ್ಟು ಮಾತ್ರ ರಕ್ಷಣೆ ಕೊಡುತ್ತಿತ್ತು ಎಂಬ ಲೆಕ್ಕ ನೋಡಿದರೆ, ಅಲ್ಲಿ ಮನೆಬಾಗಿಲಿಗೆ ಮತ್ತೆ ಮತ್ತೆ ಹೋದ ಕಾರ್ಯಕರ್ತೆಯರ ದುಡಿಮೆ ಎಷ್ಟೆಂಬುದು ಅರ್ಥವಾಗುತ್ತದೆ. ಒಂದೇ ಬಗೆಯ ವೈರಸ್ಸಿನ ಹನಿ 2005ರಲ್ಲಿ, ಎರಡು ಬಗೆಯದ್ದು 2010ರಲ್ಲಿ ಬಂದು ಈ ಕೊರತೆ ತಗ್ಗಿತು. ದೇಶದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ.

ಇದೇ ದೌರ್ಬಲ್ಯ ರೋಟಾವೈರಸ್ ಲಸಿಕೆಗಳಿಗೂ ಇದೆ. 1980ರ ದಶಕದಲ್ಲಿ ದೆಹಲಿಯಲ್ಲೂ ಬೆಂಗಳೂರಿನಲ್ಲೂ ರೋಟಾವೈರಸ್ ಹೊತ್ತಿದ್ದರೂ ಭೇದಿಯಾಗದ ನವಜಾತ ಶಿಶುಗಳು ಕಂಡುಬಂದವು. ಬೆಂಗಳೂರಿನ ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಬೇರ್ಪಡಿಸಿದರು. ಕೊನೆಗೆ ಲಸಿಕೆಯಾದದ್ದು ದೆಹಲಿಯ ತಳಿ. 2016ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ಈ ಹನಿ, ತೀವ್ರ ರೋಟಾ ಭೇದಿಯನ್ನು ತಡೆಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಲ್ಲಿ. ಆದರೂ ಭೇದಿಯಿಂದ ಅಪಾರ ಸಂಖ್ಯೆಯ ಎಳೆಯರು ಸಾಯುವ ದೇಶದಲ್ಲಿ ಆ ಅರ್ಧ ಸಣ್ಣದಲ್ಲ.

ಸೂಜಿ ಮತ್ತು ಹನಿಯ ಹಳೆಯ ಪೈಪೋಟಿ ತಿಳಿಯಾದದ್ದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ. ಮೊದಲೇ ಹಲವು ಹನಿ ಪಡೆದಿದ್ದ ಅಲ್ಲಿನ ಮಕ್ಕಳಿಗೆ ಸಾಕ್ ಬಗೆಯ ಒಂದು ಚುಚ್ಚುಮದ್ದು ಕೊಟ್ಟಾಗ, ಮಲದಲ್ಲಿ ವೈರಸ್ ಹೊರಬೀಳುವುದು ಗಣನೀಯವಾಗಿ ಇಳಿಯಿತು ಎಂದು 2014ರಲ್ಲಿ ಪ್ರಕಟವಾಯಿತು. ಸೂಜಿ ತಾನಾಗಿ ಕರುಳಿಗೆ ಪಾಠ ಕಲಿಸಲಾರದು, ಆದರೆ ಹನಿಯಿಂದ ಕಲಿತ ಪಾಠವನ್ನು ಅದು ನೆನಪಿಸಬಲ್ಲದು. 2015ರ ನವೆಂಬರಿನಿಂದ ಭಾರತದ ಮಕ್ಕಳಿಗೆ ಹನಿಯ ಜೊತೆಗೆ ಚುಚ್ಚುಮದ್ದನ್ನೂ ಕೊಡಲಾಗುತ್ತಿದೆ.